ಕಡಿಮೆ ಆದಾಯದ ಮನೆಗಳಿಗೆ ಪೋಷಣೆಯ ಪಾಠ: ಯಾವ ವಿಧಾನ ಯಾರಿಗೆ ಹೊಂದುತ್ತದೆ?

ಬಡ ಕುಟುಂಬಗಳಿಗೆ ಪೌಷ್ಟಿಕ ಆಹಾರದ ತಿಳಿವಳಿಕೆ ಕೊಡಬೇಕೆಂದು ಯಾವ ಸಂಘಸಂಸ್ಥೆ ಹೊರಟರೂ ಮೊದಮೊದಲು ನಡೆಯುವುದು ಎರಡೇ ಕೆಲಸ. ಬಣ್ಣದ ಚಾರ್ಟ್ ಅಚ್ಚಾಗುತ್ತದೆ, ಆಹಾರ ತಜ್ಞರೊಬ್ಬರ ಉಪನ್ಯಾಸ ಏರ್ಪಾಡಾಗುತ್ತದೆ. ಎರಡೂ ಸಲೀಸು, ವರದಿಗೆ ಫೋಟೊ ಕೂಡ ಸಿಗುತ್ತದೆ. ಕೇಳಿಸಿಕೊಂಡು ಹೋದವರ ಒಲೆಯ ಮೇಲೆ ಮರುದಿನ ಏನು ಬೇಯುತ್ತದೆ ಎಂಬುದು ಮಾತ್ರ ಬೇರೆಯೇ ಲೆಕ್ಕ.

ಇಂಥ ಕಾರ್ಯಕ್ರಮ ರೂಪಿಸುವ ಸ್ವಯಂಸೇವಕರು, ಆರೋಗ್ಯ ಕಾರ್ಯಕರ್ತರು, ಶಾಲೆಯವರು, ಹಣ ಕೊಡುವ ದಾನಿಗಳು ಈ ಬರಹದ ಓದುಗರು ಎಂದುಕೊಂಡಿದ್ದೇನೆ. ಚಾಲ್ತಿಯಲ್ಲಿರುವ ವಿಧಾನಗಳನ್ನು ಒಂದರ ಪಕ್ಕ ಒಂದಿಟ್ಟು, ಯಾವುದರಲ್ಲಿ ಎಷ್ಟು ಬಲವಿದೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂದು ನೋಡೋಣ. ನನ್ನ ಒಲವು ಯಾವ ಕಡೆ ಎಂದು ಮೊದಲೇ ಹೇಳಿಬಿಡುತ್ತೇನೆ: ಆ ಮನೆಗಳಲ್ಲಿ ಅಡ್ಡಿ ಯಾವುದು ಎಂದು ಪತ್ತೆ ಹಚ್ಚದೆ ವಿಧಾನ ಆರಿಸಲು ಕೂತವರು ಯಾವುದನ್ನು ಆರಿಸಿದರೂ ಅಷ್ಟೇ.

ಗೊತ್ತಿಲ್ಲವೋ, ಕೊಳ್ಳಲಾಗುತ್ತಿಲ್ಲವೋ?

ಒಂದು ಮನೆಯ ಊಟ ಸೊರಗಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಗೊತ್ತಿಲ್ಲದಿರುವುದು. ಗೊತ್ತಿದ್ದೂ ಕೈಯಲ್ಲಿ ಕಾಸಿಲ್ಲದಿರುವುದು. ಇನ್ನು ಮೂರನೆಯದು, ಗೊತ್ತೂ ಇದೆ, ಒಂದಿಷ್ಟು ಕಾಸೂ ಇದೆ, ಆದರೆ ಹೊತ್ತಿಲ್ಲ, ಉರುವಲಿಲ್ಲ, ಫ್ರಿಜ್ ಇಲ್ಲ, ಇಲ್ಲವೇ ಮನೆಯಲ್ಲಿ ಆಕೆಯ ಮಾತು ನಡೆಯುವುದಿಲ್ಲ.

ಎಂಟು ತಿಂಗಳ ಮಗುವಿಗೆ ನೀರುನೀರಾದ ಗಂಜಿ ಕುಡಿಸುವುದು ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ. ಎಳೆಯ ಮಗುವಿನ ಹೊಟ್ಟೆಯಲ್ಲಿ ಹಿಡಿಸುವುದು ದೇಹತೂಕದ ಪ್ರತಿ ಕಿಲೋಗೆ ಸುಮಾರು 30 ಗ್ರಾಂ. ಎಂಟು ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 240 ಗ್ರಾಂ ಎಂದಾಯಿತು. ಅಷ್ಟು ಜಾಗದಲ್ಲಿ ನೀರೇ ಕೂತರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಅದೇ ಹಿಟ್ಟಿಗೆ ನೀರು ಕಡಿಮೆ ಹಾಕಿ, ಚಮಚದಿಂದ ಜಾರಿ ಬೀಳದಷ್ಟು ಗಟ್ಟಿಯಾಗಿ ಬೇಯಿಸಿ, ಮೇಲೆ ಸ್ವಲ್ಪ ಎಣ್ಣೆ ಬಿಟ್ಟರೆ ಹೆಚ್ಚಿನ ಖರ್ಚಿಲ್ಲದೆ ಶಕ್ತಿ ಹೆಚ್ಚುತ್ತದೆ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳಿಂದ ಮೂರು ನಾಲ್ಕು ಸಲ ಊಟ. ಕಾಯಿಲೆ ಬಿದ್ದಾಗ ಊಟ ನಿಲ್ಲಿಸದೆ ಸ್ವಲ್ಪ ಸ್ವಲ್ಪವೇ ಮತ್ತೆ ಮತ್ತೆ ಕೊಡುವುದು. ಬೇಳೆ, ಸೊಪ್ಪಿನ ಜೊತೆ ನಿಂಬೆ ಹಣ್ಣಿನ ರಸ ಸೇರಿಸಿದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ, ಊಟದ ಜೊತೆಗೇ ಚಹಾ ಕಾಫಿ ಕುಡಿದರೆ ಕಡಿಮೆ ಹತ್ತುತ್ತದೆ. ಇವೆಲ್ಲ ಬಹುಮಟ್ಟಿಗೆ ತಿಳಿವಳಿಕೆಯಿಂದಲೇ ಬದಲಾಗುವ ವಿಷಯಗಳು. ಪಾಠಕ್ಕೆ ನಿಜವಾದ ಬೆಲೆ ಸಿಗುವುದು ಇಲ್ಲಿ.

ಎರಡನೆಯದು ಹಾಗಲ್ಲ. ತರಕಾರಿ ಒಳ್ಳೆಯದೆಂದು ಯಾವ ತಾಯಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಮಗು ಹೊಸ ರುಚಿಯೊಂದಕ್ಕೆ ಒಗ್ಗಿಕೊಳ್ಳಲು ಎಂಟರಿಂದ ಹದಿನೈದು ಸಲದವರೆಗೂ ಅದನ್ನು ಮುಂದಿಡಬೇಕಾಗಬಹುದು. ಕೈತುಂಬ ಸಂಬಳವಿರುವ ಮನೆಯಲ್ಲಿ ಮಗು ಉಗಿದರೆ ಒರೆಸಿ ಬಿಡುತ್ತಾರೆ. ದಿನದ ದುಡಿಮೆಯಲ್ಲಿ ದಿನದ ಊಟ ಹೊಂದಿಸುವ ಮನೆಯಲ್ಲಿ ಮಗು ಬೇಡವೆಂದ ಪ್ರತಿ ತುತ್ತೂ ನಷ್ಟ, ಅದರ ಬದಲಿಗೆ ಇನ್ನೊಂದು ಕೊಳ್ಳಲು ಹಣವಿಲ್ಲ. ಹಾಗಾಗಿ ಮಗು ಖಂಡಿತ ತಿನ್ನುವುದನ್ನೇ ಕೊಳ್ಳುತ್ತಾರೆ, ಅದು ಬಿಸ್ಕತ್ತೇ ಆಗಿರಲಿ. ಇದನ್ನು ಅಜ್ಞಾನ ಎಂದು ಬರೆದುಕೊಳ್ಳುವ ಕಾರ್ಯಕರ್ತರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಶುದ್ಧ ಲೆಕ್ಕಾಚಾರ. ನಾವೂ ಅವರ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆವು.

ಯಾವ ಅಡ್ಡಿ ಎಂದು ತಿಳಿಯುವುದು ಹೇಗೆ? "ನೀವು ತರಕಾರಿ ತಿನ್ನುತ್ತೀರಾ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಮನೆಯಲ್ಲಿ ಯಾರು ಯಾರು ಏನೇನು ತಿಂದಿರಿ?" ಎಂದು ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಅದಕ್ಕೆ ಸೇರಿಸಿ, ದುಡ್ಡು ಯಾರ ಕೈಯಲ್ಲಿರುತ್ತದೆ, ಸಂತೆಗೆ ಹೋಗುವವರು ಯಾರು, ಒಲೆ ಎಷ್ಟು ಹೊತ್ತು ಉರಿಯುತ್ತದೆ ಎಂದು ಕೇಳಿ. ಹತ್ತು ಹನ್ನೆರಡು ಮನೆಗಳಲ್ಲಿ ಹೀಗೆ ಮಾತಾಡಿದರೆ ಸಾಕು, ಚಿತ್ರ ಬಿಡಿಸಿದಂತೆ ಕಾಣತೊಡಗುತ್ತದೆ.

ಉಪನ್ಯಾಸ, ಕರಪತ್ರ, ಪೋಸ್ಟರ್

ಅಗ್ಗ, ಒಮ್ಮೆಗೇ ನೂರಾರು ಜನರನ್ನು ಮುಟ್ಟುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ಬೇರೆ ವಿಧಾನದ ಜೊತೆ ನೆನಪಿಸಲು ಗೋಡೆಯ ಮೇಲೆ ಒಂದು ಚಿತ್ರವಿರಲಿ. ಅದನ್ನೇ ಕಾರ್ಯಕ್ರಮ ಎಂದು ಕರೆಯಬೇಡಿ.

ಪೋಸ್ಟರ್ ಮಾಡಿಸುವುದೇ ಆದರೆ ಯಾವ ಚಿತ್ರ ಎಂಬ ಪ್ರಶ್ನೆ ಬರುತ್ತದೆ. ಯಾವ ಆಹಾರ ಎಷ್ಟು ತಿನ್ನಬೇಕೆಂದು ತೋರಿಸಲು ಅಮೆರಿಕದ ಕೃಷಿ ಇಲಾಖೆ 1992ರಲ್ಲಿ ಹೊರತಂದ ಪಿರಮಿಡ್ ಚಿತ್ರ ಜಗತ್ತಿನೆಲ್ಲೆಡೆ ಶಾಲಾ ಗೋಡೆಗಳಿಗೆ ಏರಿತು. ಅವರೇ 2011ರಲ್ಲಿ ಪಿರಮಿಡ್ ಕೈಬಿಟ್ಟು ತಟ್ಟೆಯ ಚಿತ್ರಕ್ಕೆ ಬಂದರು. ಪಿರಮಿಡ್ಡಿನಲ್ಲಿ ಊಟ ಮಾಡುವವರು ಯಾರೂ ಇಲ್ಲವಲ್ಲ, ತಟ್ಟೆಯಾದರೆ ಅರ್ಧ ಭಾಗ ತರಕಾರಿ ಹಣ್ಣು ಎಂದು ಕಣ್ಣಳತೆಯಲ್ಲೇ ತೋರಿಸಬಹುದು. ಬ್ರೆಜಿಲ್ ಸರ್ಕಾರ 2014ರ ಮಾರ್ಗಸೂಚಿಯಲ್ಲಿ ಇನ್ನೊಂದು ದಾರಿ ಹಿಡಿಯಿತು. ಯಾವ ಪೋಷಕಾಂಶ ಎಷ್ಟು ಎನ್ನುವ ಬದಲು ಆಹಾರ ಎಷ್ಟು ಸಂಸ್ಕರಣೆಯಾಗಿದೆ ಎಂಬುದನ್ನೇ ಮುಂದಿಟ್ಟು, ಮನೆಯಲ್ಲಿ ಬೇಯಿಸಿದ್ದಕ್ಕೆ ಮೊದಲ ಸ್ಥಾನ ಕೊಟ್ಟಿತು, ಕಾರ್ಖಾನೆಯ ಪೊಟ್ಟಣದ ತಿಂಡಿಗಳನ್ನು ದೂರವಿಡಿ ಎಂದಿತು. ಪೊಟ್ಟಣದ ತಿಂಡಿ, ಸಿಹಿ ಪಾನೀಯಗಳೇ ಸಮಸ್ಯೆಯಾಗಿರುವ ನಗರದ ಬಡಾವಣೆಗಳಿಗೆ ಬ್ರೆಜಿಲ್ ದಾರಿ ಚೆನ್ನಾಗಿ ಹೊಂದುತ್ತದೆ. ಊಟವೇ ಸಾಲದ ಕಡೆ ಅದನ್ನು ಹಿಡಿದು ಹೊರಟರೆ, ಇರುವ ಒಂದು ತಿಂಡಿಯನ್ನೂ ಕಿತ್ತುಕೊಂಡಂತಾಗುತ್ತದೆ. ಅಲ್ಲಿ ತಟ್ಟೆಯ ಚಿತ್ರ ಸಾಕು, ಅದೂ ಅವರ ತಟ್ಟೆಯ ಅಳತೆಯಲ್ಲಿ, ಅವರಿಗೆ ಸಿಗುವ ಪದಾರ್ಥಗಳಲ್ಲಿ.

ಸರಣಿ ತರಗತಿ ಮತ್ತು ಕೈಯಾರೆ ಅಡುಗೆ

ಉಪನ್ಯಾಸಕ್ಕೂ ತರಗತಿಗೂ ಇರುವ ಅಂತರ ಎಷ್ಟು ಸಲ ಸೇರುತ್ತಾರೆ ಎಂಬುದರಲ್ಲಿದೆ, ಕೈ ಯಾರದು ಎಂಬುದರಲ್ಲೂ ಇದೆ. ಒಂದೇ ಗುಂಪು ವಾರಕ್ಕೊಮ್ಮೆಯಂತೆ ಆರೆಂಟು ವಾರ ಸೇರಿ, ಪ್ರತಿ ಸಲ ತಾವೇ ಹೆಚ್ಚಿ, ಬೇಯಿಸಿ, ತಿಂದು ಹೋಗುವುದು ಈ ವಿಧಾನ.

ಇದರ ಹಳೆಯ, ದೊಡ್ಡ ಮಾದರಿ ಅಮೆರಿಕದ ಇಎಫ್‌ಎನ್‌ಇಪಿ ಎಂಬ ಸರ್ಕಾರಿ ಪೋಷಣೆ ಶಿಕ್ಷಣ ಕಾರ್ಯಕ್ರಮ. ಕಡಿಮೆ ಆದಾಯದ ಕುಟುಂಬಗಳಿಗೆಂದೇ 1969ರಲ್ಲಿ ಶುರುವಾದ ಇದನ್ನು ಅಲ್ಲಿನ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗಗಳು ನಡೆಸುತ್ತವೆ. ಪಾಠ ಮಾಡುವವರು ಹೆಚ್ಚಾಗಿ ಪದವೀಧರ ಆಹಾರ ತಜ್ಞರಲ್ಲ, ಅದೇ ಸಮುದಾಯದಿಂದ ಆರಿಸಿ ತರಬೇತಿ ಕೊಟ್ಟವರು. ಮೊದಲ ದಿನ ಒಮ್ಮೆ, ಮುಗಿಯುವಾಗ ಒಮ್ಮೆ ಹಿಂದಿನ 24 ಗಂಟೆಯ ಊಟ ಬರೆಸಿಕೊಂಡು ಏನು ಬದಲಾಯಿತೆಂದು ನೋಡುತ್ತಾರೆ. ಹೇಳಿಕೊಡುವ ವಿಷಯದಲ್ಲಿ ಪೋಷಣೆ ಒಂದು ಭಾಗ ಅಷ್ಟೇ. ತಿಂಗಳ ಕೊನೆಯವರೆಗೂ ಆಹಾರದ ಹಣ ಎಳೆಯುವುದು ಹೇಗೆ, ಕೆಡದಂತೆ ಇಡುವುದು ಹೇಗೆ ಎಂಬುದೂ ಅಲ್ಲಿದೆ. ನನ್ನ ಮಟ್ಟಿಗೆ ಜನ ಮತ್ತೆ ಮತ್ತೆ ಬರುವುದು ಈ ಎರಡನೆಯ ಭಾಗಕ್ಕಾಗಿ. ವಿಟಮಿನ್ನುಗಳ ಹೆಸರು ಕಲಿಯಲು ಯಾರೂ ಅರ್ಧ ದಿನದ ಕೂಲಿ ಬಿಟ್ಟು ಬರುವುದಿಲ್ಲ. ಇದ್ದ ಹಣದಲ್ಲೇ ವಾರದಲ್ಲಿ ಎರಡು ದಿನ ಹೆಚ್ಚು ಮೊಟ್ಟೆ ಹೇಗೆ ಹೊಂದಿಸಬಹುದು ಎಂದರೆ ಬರುತ್ತಾರೆ.

ಈ ವಿಧಾನ ಎಡವುವುದು ಅಡುಗೆಯ ಆಯ್ಕೆಯಲ್ಲಿ. ನಾಲ್ಕು ಒಲೆ, ಓವನ್, ಮಿಕ್ಸರ್ ಇರುವ ಅಡುಗೆಮನೆಯಲ್ಲಿ ತೋರಿಸಿದ್ದು ಒಂದೇ ಒಲೆಯ ಕೋಣೆಯಲ್ಲಿ ನಡೆಯುವುದಿಲ್ಲ. ಎಷ್ಟು ಪಾತ್ರೆ ಬೇಕು, ಎಷ್ಟು ಹೊತ್ತು ಉರಿ ಬೇಕು, ಉಳಿದದ್ದು ಫ್ರಿಜ್ ಇಲ್ಲದೆ ರಾತ್ರಿಯವರೆಗೆ ನಿಲ್ಲುತ್ತದೆಯೇ, ಈ ಮೂರನ್ನು ಪ್ರತಿ ಅಡುಗೆಗೂ ಕೇಳಿಕೊಳ್ಳಬೇಕು. ಹೊಸ ಅಡುಗೆ ಕಲಿಸುವುದಕ್ಕಿಂತ ಅವರು ದಿನವೂ ಮಾಡುವ ಅಡುಗೆಗೇ ಒಂದು ಹಿಡಿ ಏನನ್ನಾದರೂ ಸೇರಿಸುವುದು ಹೆಚ್ಚು ಬಾಳುತ್ತದೆ. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಇಡದ ತರಗತಿಗೆ ಎಳೆಮಕ್ಕಳ ತಾಯಂದಿರು ಬರುವುದಿಲ್ಲ, ಬೇಕಾಗಿರುವವರೇ ಅವರು.

ತರಗತಿಯನ್ನು ಅಂಗಡಿಗೇ ಒಯ್ಯುವ ಬಗೆಯೂ ಉಂಟು. ಒಂದು ನಿಗದಿತ ಮೊತ್ತ ಕೈಗೆ ಕೊಟ್ಟು, ಇಷ್ಟರಲ್ಲಿ ಇಡೀ ಮನೆಗೆ ಒಂದು ಹೊತ್ತಿನ ಸಮತೋಲಿತ ಊಟ ಕೊಂಡು ತನ್ನಿ ಎನ್ನುವುದು. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದುವುದು, ನೂರು ಗ್ರಾಮಿಗೆ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕುವುದು ಅಲ್ಲೇ ಕಲಿಯುತ್ತಾರೆ. ಒಂದೇ ದಿನದ ಕೆಲಸವಾದರೂ ಮನಸ್ಸಿನಲ್ಲಿ ಉಳಿಯುತ್ತದೆ.

ಮನೆಭೇಟಿ

ಖರ್ಚು ಹೆಚ್ಚು. ಎಳೆಮಕ್ಕಳ ವಿಷಯದಲ್ಲಿ ಫಲವೂ ಹೆಚ್ಚು. ಬಾಂಗ್ಲಾದೇಶದಲ್ಲಿ ಅಲೈವ್ ಆಂಡ್ ಥ್ರೈವ್ ಕಾರ್ಯಕ್ರಮ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಹೋಗಿ ಸಲಹೆ ಕೊಡಿಸಿತು. ಅದರ ಜೊತೆಗೆ ಟಿವಿ ಪ್ರಚಾರ, ಊರಿನ ಮುಖಂಡರ ಸಭೆಗಳನ್ನೂ ಹೆಣೆಯಿತು. ಹೀಗೆ ತೀವ್ರವಾಗಿ ಕೆಲಸ ನಡೆದ ಪ್ರದೇಶಗಳಲ್ಲಿ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡುವವರ ಪ್ರಮಾಣ 2010ರಿಂದ 2014ರ ನಡುವೆ ಸುಮಾರು ಶೇ 48ರಿಂದ ಶೇ 88ಕ್ಕೆ ಏರಿತು. ಸಾಧಾರಣ ಸಲಹೆಯಷ್ಟೇ ಇದ್ದ ಕಡೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಇದರಲ್ಲಿ ಗಮನಿಸಬೇಕಾದದ್ದು, ಎದೆಹಾಲಿಗೆ ಅಂಗಡಿಗೆ ಹೋಗಬೇಕಾಗಿಲ್ಲ. ಬೇಕಾದದ್ದು ಧೈರ್ಯ, ಮಗುವನ್ನು ಹಿಡಿಯುವ ಭಂಗಿ ಸರಿಯಿದೆಯೇ ಎಂದು ನೋಡುವ ಒಂದು ಜೊತೆ ಕಣ್ಣು, "ಹಾಲು ಸಾಲುತ್ತಿಲ್ಲ, ನೀರು ಕುಡಿಸು" ಎನ್ನುವ ಮನೆಯವರಿಗೆ ಉತ್ತರ ಕೊಡುವ ಒಬ್ಬಳು. ಮೂರನೆಯ ಬಗೆಯ ಅಡ್ಡಿಗೆ, ಅಂದರೆ ಮನೆಯೊಳಗೆ ತಾಯಿಯ ಮಾತು ನಡೆಯದ ಕಡೆ, ಮನೆಭೇಟಿಗೆ ಸಮನಾದದ್ದಿಲ್ಲ. ತರಗತಿಗೆ ಬರುವವಳು ಸೊಸೆ, ತೀರ್ಮಾನ ಅತ್ತೆಯದು, ದುಡ್ಡು ಗಂಡನದು. ಮೂವರೂ ಒಟ್ಟಿಗೆ ಸಿಗುವುದು ಮನೆಯಲ್ಲೇ.

ಒಂದು ಎಚ್ಚರಿಕೆ. ಬಡವರ ಮನೆಗೆ ಹೇಳದೆ ಹೋಗಿ ಪಾತ್ರೆ ಇಣುಕುವ ಹಕ್ಕು ಯಾರಿಗೂ ಇಲ್ಲ. ಹೋಗುವವರು ತಪಾಸಣೆಗೆ ಬಂದವರಂತೆ ಕಂಡರೆ ಎರಡನೆಯ ಸಲ ಬಾಗಿಲು ತೆರೆಯುವುದಿಲ್ಲ, ತೆರೆದರೂ ಸುಳ್ಳು ಹೇಳುತ್ತಾರೆ.

ಊರಲ್ಲೇ ಇರುವ ಉತ್ತರವನ್ನು ಹುಡುಕುವುದು

ನನಗೆ ಬಹಳ ಮೆಚ್ಚುಗೆಯಾದ ವಿಧಾನ ಇದು, ಸುಲಭವೆಂದು ಮಾತ್ರ ತಿಳಿಯಬೇಡಿ. 1990ರ ಕೊನೆಯಲ್ಲಿ ಜೆರ್ರಿ ಸ್ಟರ್ನಿನ್ ಮತ್ತು ಮೋನಿಕ್ ಸ್ಟರ್ನಿನ್ ದಂಪತಿ ಸೇವ್ ದಿ ಚಿಲ್ಡ್ರನ್ ಸಂಸ್ಥೆಯ ಪರವಾಗಿ, ಮಕ್ಕಳ ಅಪೌಷ್ಟಿಕತೆ ತಗ್ಗಿಸಲೆಂದು ವಿಯೆಟ್ನಾಮಿಗೆ ಹೋದರು. ಆರು ತಿಂಗಳಲ್ಲಿ ಏನಾದರೂ ಮಾಡಿ ತೋರಿಸಿ ಎಂದು ಅಲ್ಲಿನ ಸರ್ಕಾರ ಗಡುವು ಕೊಟ್ಟಿತ್ತು. ಹೊರಗಿನಿಂದ ಆಹಾರ ತಂದು ಹಂಚಲು ಹಣವಿಲ್ಲ, ಹಂಚಿದರೂ ನಿಲ್ಲಿಸಿದ ದಿನ ಎಲ್ಲ ಮೊದಲಿನಂತೆ. ಅವರು ಥಾನ್ ಹೋವಾ ಪ್ರಾಂತ್ಯದ ಹಳ್ಳಿಗಳಲ್ಲಿ ತಾಯಂದಿರಿಂದಲೇ ಮಕ್ಕಳ ತೂಕ ಹಾಕಿಸಿ ಒಂದು ಪ್ರಶ್ನೆ ಕೇಳಿದರು: ಕಡು ಬಡವರಾಗಿದ್ದೂ ಮಗು ಗಟ್ಟಿಮುಟ್ಟಾಗಿರುವ ಮನೆ ಯಾವುದಾದರೂ ಇದೆಯೇ?

ಇತ್ತು. ಆ ಮನೆಯವರು ಗದ್ದೆಯಲ್ಲಿ ಸಿಗುವ ಸಣ್ಣ ಸೀಗಡಿ, ಏಡಿ, ಗೆಣಸಿನ ಎಲೆಗಳನ್ನು ಆಯ್ದು ತಂದು ಮಗುವಿನ ಅನ್ನಕ್ಕೆ ಸೇರಿಸುತ್ತಿದ್ದರು. ಎಲ್ಲರ ಗದ್ದೆಯಲ್ಲೂ ಪುಕ್ಕಟೆ ಸಿಗುತ್ತಿದ್ದ ಇವನ್ನು ಎಳೆಮಕ್ಕಳಿಗೆ ಆಗದೆಂದು ಉಳಿದವರು ಬಿಟ್ಟಿದ್ದರು. ಆ ಮನೆಯವರು ಮಗುವಿಗೆ ದಿನಕ್ಕೆ ಹೆಚ್ಚು ಸಲ ಉಣ್ಣಿಸುತ್ತಿದ್ದರು, ಉಣ್ಣಿಸುವ ಮುನ್ನ ಕೈ ತೊಳೆಯುತ್ತಿದ್ದರು. ಆಮೇಲೆ ನಡೆದದ್ದು ಭಾಷಣವಲ್ಲ. ಸುಮಾರು ಎರಡು ವಾರ ತಾಯಂದಿರು ಒಂದು ಮನೆಯಲ್ಲಿ ಸೇರಿ ಒಟ್ಟಿಗೆ ಬೇಯಿಸಿ ಮಕ್ಕಳಿಗೆ ಉಣ್ಣಿಸಿದರು. ಬರುವಾಗ ಪ್ರತಿಯೊಬ್ಬರೂ ಒಂದು ಹಿಡಿ ಸೀಗಡಿ, ಏಡಿ, ಸೊಪ್ಪು ತರಲೇಬೇಕು, ಅದೇ ಪ್ರವೇಶ ಶುಲ್ಕ. ಎರಡು ವಾರ ದಿನವೂ ಆಯ್ದು ತಂದ ಮೇಲೆ ಅದು ರೂಢಿಯಾಗದೆ ಇರುತ್ತದೆಯೇ? ಕಣ್ಣೆದುರೇ ಮಗುವಿನ ತೂಕ ಏರುವುದನ್ನು ಕಂಡ ತಾಯಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಈ ವಿಧಾನವನ್ನು ಬೇರೆಡೆ ನಡೆಸುವಾಗ ಹೆಚ್ಚಿನವರು ಹುಡುಕುವ ಭಾಗವನ್ನು ಬಿಟ್ಟುಬಿಡುತ್ತಾರೆ. ಪಕ್ಕದ ಊರಿನಲ್ಲಿ ಸಿಕ್ಕ ಉತ್ತರವನ್ನೇ ಇಲ್ಲಿಗೂ ತಂದು ಕಲಿಸುತ್ತಾರೆ. ಆಗ ಅದು ಮತ್ತೊಂದು ಅಡುಗೆ ತರಗತಿ, ಅಷ್ಟೇ. ಮನೆಗಳು ಹತ್ತಿರ ಹತ್ತಿರ ಇರಬೇಕು, ಸೊರಗಿದ ಮಕ್ಕಳು ಒಂದಿಷ್ಟು ಸಂಖ್ಯೆಯಲ್ಲಿರಬೇಕು, ಪುಕ್ಕಟೆಯಾಗಿಯೋ ತೀರ ಅಗ್ಗವಾಗಿಯೋ ಸಿಗುವ ಆಹಾರ ಅಲ್ಲಿ ನಿಜವಾಗಿ ಇರಬೇಕು. ಪ್ರತಿಯೊಂದನ್ನೂ ಕೊಂಡೇ ತಿನ್ನುವ ನಗರದ ಕೊಳೆಗೇರಿಯಲ್ಲಿ ಇದರ ಬಲ ಅರ್ಧಕ್ಕರ್ಧ ಇಳಿಯುತ್ತದೆ.

ಇರುವ ಆರೋಗ್ಯ ಕೇಂದ್ರದಲ್ಲೇ ಹೇಳಿಕೊಡುವುದು

ಹೊಸ ಕಾರ್ಯಕ್ರಮ ಕಟ್ಟುವ ಶಕ್ತಿಯಿಲ್ಲದವರು ಇದನ್ನು ನೋಡಬೇಕು. ಪೆರು ದೇಶದ ತ್ರುಹಿಯೋ ನಗರದ ಅಂಚಿನ ಬಡ ಬಡಾವಣೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಲಸಿಕೆಗೆ, ತಪಾಸಣೆಗೆ ಹೇಗೂ ಬರುವ ತಾಯಂದಿರಿಗೆ ಅಲ್ಲಿನ ಸಿಬ್ಬಂದಿಯೇ ಮೂರು ಮಾತು ಹೇಳಿದರು, ಬೇಯಿಸಿಯೂ ತೋರಿಸಿದರು. ಗಟ್ಟಿಯಾದ ಊಟ ಕೊಡಿ, ತಿಳಿ ಸೂಪಿಗಿಂತ ಅದರಲ್ಲಿ ಹೆಚ್ಚು ಸತ್ವ. ದಿನವೂ ಮೊಟ್ಟೆ, ಮೀನು, ಕೋಳಿ ಲಿವರ್‌ನಂಥ ಒಂದು ಪದಾರ್ಥ ಸೇರಿಸಿ. ಪ್ರೀತಿಯಿಂದ, ತಾಳ್ಮೆಯಿಂದ ಉಣ್ಣಿಸಿ. ಹದಿನೆಂಟು ತಿಂಗಳಾಗುವ ಹೊತ್ತಿಗೆ ಈ ಕೇಂದ್ರಗಳ ಮಕ್ಕಳಲ್ಲಿ ಎತ್ತರ ಕುಂಠಿತವಾದವರು ಶೇ 5, ಹೋಲಿಕೆಯ ಕೇಂದ್ರಗಳಲ್ಲಿ ಶೇ 16.

ಪಾಠ ಮಾತ್ರದಿಂದ ಇಷ್ಟು ದೊಡ್ಡ ಫಲ ಅಪರೂಪ. ಎರಡು ಕಾರಣ ನನಗೆ ಕಾಣುತ್ತದೆ. ಎಲ್ಲ ಸಿಬ್ಬಂದಿಯೂ ಮೂವತ್ತು ಸಂದೇಶ ಉರು ಹೊಡೆಯದೆ ಮೂರೇ ಮಾತನ್ನು ಒಂದೇ ರೀತಿ, ಪ್ರತಿ ಭೇಟಿಯಲ್ಲೂ ಹೇಳಿದರು. ಜೊತೆಗೆ ಹೇಳಿದ ಪದಾರ್ಥಗಳು ಆ ಊರಿನ ಬಡವರ ಕೈಗೆಟುಕುವಂಥವೇ ಆಗಿದ್ದವು. ಎರಡನೆಯ ಕಾರಣವನ್ನು ಮರೆತು ಪೆರುವಿನ ಉದಾಹರಣೆ ಕೊಡುವವರನ್ನು ನಂಬಬೇಡಿ.

ಫೋನು ಮತ್ತು ವಿಡಿಯೋ

ಧ್ವನಿಸಂದೇಶ ಓದು ಬಾರದವರಿಗೂ ತಲುಪುತ್ತದೆ, ಮಗುವಿನ ವಯಸ್ಸಿಗೆ ತಕ್ಕಂತೆ ವಾರವಾರ ಕಳಿಸಬಹುದು. ಆದರೆ ಫೋನು ಯಾರ ಜೇಬಿನಲ್ಲಿರುತ್ತದೆ? ತಾಯಿಗೆಂದು ಕಳಿಸಿದ್ದು ಕೆಲಸದ ಜಾಗದಲ್ಲಿರುವ ಗಂಡನ ಕಿವಿಗೆ ಬಿದ್ದು ಅಲ್ಲೇ ನಿಲ್ಲುತ್ತದೆ. ಭೇಟಿಯ ದಿನ ನೆನಪಿಸಲು, ಹೇಳಿಕೊಟ್ಟದ್ದನ್ನು ಇನ್ನೊಮ್ಮೆ ಹೇಳಲು ಇದು ಒಳ್ಳೆಯದು. ಒಂಟಿಯಾಗಿ ಬಿಟ್ಟರೆ ಮಾತಾಡುವ ಕರಪತ್ರ.

ಊರಿನವರೇ ನಟಿಸಿ, ಊರಿನವರೇ ತೆಗೆದ ಸಣ್ಣ ವಿಡಿಯೋಗಳನ್ನು ಗುಂಪಿನಲ್ಲಿ ತೋರಿಸಿ ಚರ್ಚಿಸುವುದು ಇದಕ್ಕಿಂತ ಮೇಲು. ಒಡಿಶಾದಲ್ಲಿ ಮಹಿಳಾ ಗುಂಪುಗಳೊಂದಿಗೆ ನಡೆದ ಉಪವನ್ ಪ್ರಯೋಗದಲ್ಲಿ ಕೃಷಿ ಮತ್ತು ಪೋಷಣೆಯ ವಿಡಿಯೋಗಳಿಗೆ ಎಲ್ಲರೂ ಪಾಲ್ಗೊಳ್ಳುವ ಸಭೆಗಳನ್ನು ಸೇರಿಸಿದ ಕಡೆ ಮಕ್ಕಳ ಊಟದಲ್ಲಿ ವೈವಿಧ್ಯ ಹೆಚ್ಚಿತು. ತಾಯಂದಿರ ಮೈತೂಕದಲ್ಲಾಗಲಿ, ಮಕ್ಕಳು ಕೃಶವಾಗುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಊಟ ಬದಲಾಗುವುದಕ್ಕೂ ಮೈ ಬದಲಾಗುವುದಕ್ಕೂ ನಡುವೆ ರೋಗ, ನೀರು, ಶೌಚ ಎಲ್ಲ ಇವೆ. ದಾನಿಗಳಿಗೆ ಮಾತು ಕೊಡುವಾಗ ಇದು ನೆನಪಿರಲಿ.

ಕೈತೋಟದ ಬಗ್ಗೆ ಎರಡೇ ಮಾತು. ಜಾಗ, ನೀರು, ಬೇಲಿ ಮೂರೂ ಇದ್ದರೆ ಸೊಪ್ಪು ತರಕಾರಿ ತಟ್ಟೆಗೆ ಬರುತ್ತದೆ. ಮೂರರಲ್ಲಿ ಒಂದಿಲ್ಲದಿದ್ದರೂ ಬೀಜದ ಪೊಟ್ಟಣ ಹಂಚಿದ್ದಷ್ಟೇ ಉಳಿಯುತ್ತದೆ.

ಪಾಠದ ಜೊತೆಗೆ ಹಣ

ಕೊಳ್ಳಲಾಗದಿರುವುದೇ ಅಡ್ಡಿಯಾಗಿದ್ದರೆ ಮೇಲಿನ ಯಾವುದೂ ಸಾಲದು. ಬಾಂಗ್ಲಾದೇಶದಲ್ಲಿ 2012ರಿಂದ 2014ರವರೆಗೆ ಐಎಫ್‌ಪಿಆರ್‌ಐ ಎಂಬ ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಸೇರಿ ನಡೆಸಿದ ಪ್ರಯೋಗ ಈ ಪ್ರಶ್ನೆಗೆ ಸಿಕ್ಕ ಅತ್ಯುತ್ತಮ ಉತ್ತರ. ಹಳ್ಳಿಯ ಕಡು ಬಡ ಕುಟುಂಬಗಳ ತಾಯಂದಿರಿಗೆ ಎರಡು ವರ್ಷ ಒಂದು ಗುಂಪಿಗೆ ಬರೀ ಹಣ, ಇನ್ನೊಂದಕ್ಕೆ ಬರೀ ಆಹಾರ ಪದಾರ್ಥ, ಮತ್ತೆ ಕೆಲವಕ್ಕೆ ಇವುಗಳ ಜೊತೆ ಪೋಷಣೆಯ ಪಾಠ ಕೊಟ್ಟರು. ಪಾಠವೆಂದರೆ ವಾರವಾರ ಗುಂಪು ಸಭೆ, ಮನೆಭೇಟಿ, ಊರಿನ ಪ್ರಮುಖರೊಂದಿಗೆ ಮಾತುಕತೆ. ಮನೆಯ ಉಳಿದವರಿಗೂ ಆ ಸಭೆಗೆ ಕರೆಯಿತ್ತು. ಹಣ ಮತ್ತು ಪಾಠ ಎರಡೂ ಸಿಕ್ಕ ಗುಂಪಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆಯ ಪ್ರಮಾಣ 7.3 ಶೇಕಡಾ ಅಂಶದಷ್ಟು ಇಳಿಯಿತು. ಬರೀ ಹಣ, ಬರೀ ಆಹಾರ ಸಿಕ್ಕ ಕಡೆ ಆ ಇಳಿಕೆ ಕಾಣಲಿಲ್ಲ. ಪಾಠ ಮಾತ್ರ ಕೊಟ್ಟ ಗುಂಪು ಆ ಪ್ರಯೋಗದಲ್ಲಿ ಇರಲಿಲ್ಲ, ಹಾಗಾಗಿ ಪಾಠ ಒಂದೇ ಏನು ಮಾಡುತ್ತಿತ್ತು ಎಂದು ಅದರಿಂದ ಹೇಳಲಾಗದು. ಕೊಳ್ಳುವ ಶಕ್ತಿ ಬಂದಾಗ ಪಾಠ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನಂತೂ ಅದು ತೋರಿಸಿತು.

ಎಲ್ಲ ಸಂಸ್ಥೆಗೂ ತಿಂಗಳ ಹಣ ಕೊಡಲಾಗದು. ಆದರೆ ಸಣ್ಣ ರಿಯಾಯಿತಿಯೂ ಜನರ ಕೈಯನ್ನು ತಿರುಗಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹ್ಯಾಂಪ್ಡೆನ್ ಕೌಂಟಿಯಲ್ಲಿ 2011-12ರಲ್ಲಿ, ಸರ್ಕಾರದ ಆಹಾರ ನೆರವಿನ ಹಣದಲ್ಲಿ ಹಣ್ಣು ತರಕಾರಿ ಕೊಂಡವರಿಗೆ ಪ್ರತಿ ಡಾಲರಿಗೆ 30 ಸೆಂಟ್ ಮರಳಿಸಿದರು. ಅವರು ಆ ಹಣ್ಣು ತರಕಾರಿಗಳನ್ನು ಉಳಿದವರಿಗಿಂತ ಸುಮಾರು ಶೇ 26ರಷ್ಟು ಹೆಚ್ಚು ತಿಂದರು. ಕೂಪನ್ ಕೊಟ್ಟು ಅಂಗಡಿಯವನೊಂದಿಗೆ ಲೆಕ್ಕ ಚುಕ್ತಾ ಮಾಡಿಕೊಳ್ಳುವುದು ಸಣ್ಣ ಸಂಸ್ಥೆಗೂ ಸಾಧ್ಯ. ಮಗು ಬೇಡವೆಂದರೂ ನಷ್ಟವಾಗದ ಒಂದಿಷ್ಟು ತರಕಾರಿ ಮನೆಗೆ ಬರುವುದು ಹೀಗೆ. ಹತ್ತನೆಯ ಸಲ ಅದೇ ಮಗು ತಿನ್ನುವುದೂ ಹೀಗೆ.

ಹಣವೇ ಇಲ್ಲದಿದ್ದರೆ ಇನ್ನೊಂದು ಕೆಲಸವಿದೆ, ಬಹಳ ಸಂಸ್ಥೆಗಳು ಇದನ್ನು ಪೋಷಣೆಯ ಕೆಲಸವೆಂದೇ ಎಣಿಸುವುದಿಲ್ಲ. ಆ ಕುಟುಂಬಕ್ಕೆ ಈಗಾಗಲೇ ಹಕ್ಕಾಗಿ ಬರಬೇಕಾದ ಸರ್ಕಾರಿ ನೆರವು ಬರುತ್ತಿದೆಯೇ ಎಂದು ನೋಡಿ, ಅರ್ಜಿ ತುಂಬಿಸಿಕೊಡುವುದು. ಒಂದು ಗಂಟೆಯ ವಿಟಮಿನ್ ಪಾಠಕ್ಕಿಂತ ಒಂದು ಗಂಟೆಯ ಅರ್ಜಿ ಕೆಲಸ ಹೆಚ್ಚು ಅನ್ನ ತರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಾಗಾದರೆ ಆರಿಸುವುದು ಹೇಗೆ?

ಎರಡು ವರ್ಷದೊಳಗಿನ ಮಕ್ಕಳೇ ನಿಮ್ಮ ಗುರಿಯಾಗಿದ್ದರೆ ಮನೆಭೇಟಿಗೆ ಹಣ ಹಾಕಿ. ಅಷ್ಟು ಜನ ಇಲ್ಲದಿದ್ದರೆ ಆರೋಗ್ಯ ಕೇಂದ್ರದವರೊಂದಿಗೆ ಕೂತು ಮೂರೇ ಮಾತು ಗೊತ್ತುಮಾಡಿ. ಶಾಲೆಗೆ ಹೋಗುವ ಮಕ್ಕಳು, ದೊಡ್ಡವರ ಸಕ್ಕರೆ ಕಾಯಿಲೆ, ರಕ್ತದೊತ್ತಡ ಚಿಂತೆಯಾದರೆ ಅಡುಗೆ ತರಗತಿ ಮತ್ತು ಅಂಗಡಿ ಪಾಠ ಮೇಲು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯದು, ಚಮಚದಲ್ಲಿ ಅಳೆದು ತೋರಿಸಬೇಕು. ಅಂದಾಜಿಗೆ ಒಂದು ಸಣ್ಣ ಟೀಚಮಚ, ಅಡುಗೆಗೆ ಹಾಕಿದ್ದೂ ಪೊಟ್ಟಣದ ತಿಂಡಿಯಲ್ಲಿರುವುದೂ ಸೇರಿ. ಹಳ್ಳಿ ಚಿಕ್ಕದು, ಸೊರಗಿದ ಮಕ್ಕಳು ಬಹಳ, ಸುತ್ತ ತಿನ್ನುವ ಪದಾರ್ಥ ಸಿಗುತ್ತದೆ ಎಂದಾದರೆ ವಿಯೆಟ್ನಾಮಿನ ದಾರಿ ಪ್ರಯತ್ನಿಸಿ, ಹುಡುಕುವ ಭಾಗ ಬಿಡದೆ. ಮಾತಾಡಿಸಿದ ಮನೆಗಳಲ್ಲಿ ಹೆಚ್ಚಿನವು ತಿಂಗಳ ಕೊನೆಯ ವಾರ ಊಟ ಬಿಡುತ್ತಿವೆ ಎಂದು ತಿಳಿದರೆ ಪಾಠವನ್ನು ಪಕ್ಕಕ್ಕಿಡಿ, ಕೂಪನ್ ಮತ್ತು ಅರ್ಜಿಯಿಂದ ಶುರುಮಾಡಿ.

ಯಾವುದೇ ವಿಧಾನವಾದರೂ ಹೇಳಿಕೊಡುವವರು ಅದೇ ಬೀದಿಯವರಾಗಿರುವುದು ಲಾಭ. ಅಂಥವರಿಗೆ ಸರಿಯಾದ ಸಂಬಳ ಕೊಡಿ, ಸೇವೆ ಎಂದು ಪುಕ್ಕಟೆ ದುಡಿಸಿಕೊಳ್ಳಬೇಡಿ. ಅವರೂ ಕಡಿಮೆ ಆದಾಯದ ಮನೆಯವರೇ. ಕಾರ್ಯಕ್ರಮ ಇಡಿಯಾಗಿ ಒಂದೇ ಅನುದಾನದ ಮೇಲೆ ನಿಲ್ಲದಿರಲಿ. ಅಮೆರಿಕದಲ್ಲಿ ದಶಕಗಳಿಂದ ನಡೆದು ಬಂದಿದ್ದ ಸ್ನ್ಯಾಪ್-ಎಡ್ ಎಂಬ ದೊಡ್ಡ ಪೋಷಣೆ ಶಿಕ್ಷಣ ಯೋಜನೆಯ ಅನುದಾನವನ್ನೇ 2025ರ ಜುಲೈನಲ್ಲಿ ಬಂದ ಕಾನೂನು ನಿಲ್ಲಿಸಿತು. ಅನುದಾನ ನಿಂತ ಮೇಲೂ ಬೀದಿಯಲ್ಲಿ ಉಳಿಯುವುದು ಅಲ್ಲಿನವರು ಕಲಿತದ್ದು ಮಾತ್ರ.

ಫಲ ಅಳೆಯಲು ಪ್ರಶ್ನೆಪತ್ರಿಕೆ ಬೇಡ. ಸರಿಯುತ್ತರ ಹೇಳುವುದನ್ನು ಜನ ಬೇಗ ಕಲಿಯುತ್ತಾರೆ. ಅದರ ಬದಲು ನಿನ್ನೆಯ ಊಟವನ್ನೇ ಮತ್ತೆ ಕೇಳಿ ಗುಂಪುಗಳನ್ನು ಎಣಿಸಿ. ಆರರಿಂದ ಇಪ್ಪತ್ತಮೂರು ತಿಂಗಳ ಮಗುವಿಗೆ ಎಂಟು ಆಹಾರ ಗುಂಪುಗಳಲ್ಲಿ ಕನಿಷ್ಠ ಐದು, ಎದೆಹಾಲೂ ಅದರಲ್ಲಿ ಒಂದು. ಹೆಂಗಸರಿಗೆ ಹತ್ತು ಗುಂಪುಗಳಲ್ಲಿ ಕನಿಷ್ಠ ಐದು. ಜಗತ್ತಿನಾದ್ಯಂತ ಬಳಸುವ ಅಳತೆ ಇದು, ಕಾಗದ ಪೆನ್ಸಿಲ್ ಸಾಕು. ಶುರುವಾಗುವ ಮುನ್ನ ಒಮ್ಮೆ, ಮುಗಿದಾಗ ಒಮ್ಮೆ, ಮುಗಿದು ಆರು ತಿಂಗಳಾದ ಮೇಲೆ ಇನ್ನೊಮ್ಮೆ ಕೇಳಿ. ತಿಂಗಳ ಮೊದಲ ವಾರ ಒಮ್ಮೆ ಕೇಳಿ ಕೊನೆಯ ವಾರ ಇನ್ನೊಮ್ಮೆ ಕೇಳಿದರೆ ಹೋಲಿಕೆ ಹಾಳಾಗುತ್ತದೆ, ಮೂರೂ ಸಲ ತಿಂಗಳ ಅದೇ ವಾರವೇ ಇರಲಿ. ಕೊನೆಯ ಸಲ ಎಣಿಕೆ ಮೊದಲಿನಷ್ಟೇ ಬಂದು, ಮಾತಿನಲ್ಲಿ ಮಾತ್ರ ಎಲ್ಲರಿಗೂ ಎಲ್ಲವೂ ಗೊತ್ತಿದೆ ಎಂದು ಕಂಡರೆ ತರಗತಿಯ ಹಣವನ್ನು ಮುಂದಿನ ವರ್ಷ ಕೂಪನ್‌ಗೆ ಹಾಕಿ.